ಗೋಡೆಯ ಮೇಲಿನ ಮಹಾದೇವಿ

ಕಳೆದ ಅಕ್ಟೋಬರಿನಲ್ಲಿ ಲಂಡನ್ನಿನ ಹ್ಯಾರೋದ ನಮ್ಮ ಗ್ರಂಥಾಲಯಕ್ಕೆ ಪುಸ್ತಕ ಹಿಂತಿರುಗಿಸಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಎರಡನೆಯ ಮಹಾಯುದ್ಧ ಮುಗಿದು ಎಂಬತ್ತು ವರ್ಷವಾದ ನೆಪದಲ್ಲಿ ಒಳಗಿನ ಉದ್ದ ಗೋಡೆಗೆ ಆ ಕಾಲದ ಪೋಸ್ಟರುಗಳನ್ನು ತೂಗುಹಾಕಿದ್ದರು. ಯುದ್ಧಕ್ಕೆ ಹೋದವರಿಗಾಗಿ ಬರೆದವಲ್ಲ, ಊರಲ್ಲೇ ಉಳಿದು ಕಾರ್ಖಾನೆಗಳಲ್ಲಿ ದುಡಿದವರಿಗಾಗಿ ಬರೆದವು. ಒಂದರಲ್ಲಿ ತಲೆಗೆ ಬಟ್ಟೆ ಕಟ್ಟಿ, ತೋಳು ಮಡಚಿಕೊಂಡು ಆಕಾಶ ನೋಡುತ್ತಿರುವ ಹೆಂಗಸು, ಅವಳ ಬೆನ್ನ ಹಿಂದೆ ಸಾಲು ಸಾಲು ವಿಮಾನ. ಇನ್ನೊಂದರಲ್ಲಿ ನಿಂತುಹೋದ ಯಂತ್ರ, ಅದರ ನೆರಳು ಹೋಗಿ ಬಿದ್ದಿರುವುದು ಗುಂಡಿಲ್ಲದ ಬಂದೂಕು ಹಿಡಿದ ಸಿಪಾಯಿಯ ಮೇಲೆ. ನೀನು ಇವತ್ತು ಕೆಲಸಕ್ಕೆ ಬರದಿದ್ದರೆ ಅಲ್ಲಿ ಅವನು ಸಾಯುತ್ತಾನೆ ಎನ್ನುವುದನ್ನು ಚೆಂದದ ಕೆಂಪಿನಲ್ಲಿ, ನೀಲಿಯಲ್ಲಿ ಹೇಳಿದ್ದರು.

ಒಬ್ಬ ಇಂಗ್ಲಿಷ್ ಅಜ್ಜಿ ಪಕ್ಕದಲ್ಲಿ ಬಂದು ನಿಂತು, ಎಷ್ಟು ಚೆನ್ನಾಗಿವೆ ಅಲ್ಲವಾ, ಆಗಿನವರಿಗೆ ಛಲ ಇತ್ತು ಎಂದರು. ಹೌದೆಂದೆ. ನಾನು ಚಿತ್ರಕಲೆ ಕಲಿಸುವವಳು, ಮಕ್ಕಳ ಮುಖ ನೋಡಿಕೊಂಡೂ ಕೆಟ್ಟದ್ದನ್ನು ಕೆಟ್ಟದ್ದು ಎನ್ನುವ ಕಠಿಣಹೃದಯದವಳು. ಆದರೆ ಆ ಪೋಸ್ಟರುಗಳು ನಿಜವಾಗಿಯೂ ಚೆನ್ನಾಗಿದ್ದವು. ಅದೇ ಅವುಗಳ ತೊಂದರೆ. ತಂದಿದ್ದ ಪುಸ್ತಕಗಳನ್ನು ಕೊಡುವುದನ್ನೂ ಮರೆತು ಹಾಗೆಯೇ ಹಿಡಿದುಕೊಂಡು ಮನೆಗೆ ಬಂದೆ. ಅಂಥ ಪೋಸ್ಟರನ್ನು ನಾನೂ ಬರೆದಿದ್ದೇನೆ. ಐದು ವರ್ಷದ ಹಿಂದೆ, ಕೊರೊನಾ ಬಂದ ವಸಂತದಲ್ಲಿ, ಗ್ರೀನ್‌ಫರ್ಡ್‌ನ ಒಂದು ಹೊಲಿಗೆ ಕಾರ್ಖಾನೆಯ ಗೋಡೆಗೆ.

ಅಷ್ಟು ಒಳ್ಳೆಯ ವಸಂತವನ್ನು ನಾನು ಈ ದೇಶದಲ್ಲಿ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮನೆಯಿಂದ ಹೊರಗೆ ಬರಬೇಡಿ ಎಂದು ಸರ್ಕಾರ ಹೇಳಿದ ವಾರದಿಂದಲೇ ಬಿಸಿಲು ಶುರುವಾಯಿತು. ದಿನ ಬೆಳಗಾದರೆ ನೀಲಿ ಆಕಾಶ, ವಿಮಾನದ ಒಂದು ಗೆರೆಯೂ ಇಲ್ಲ. ನಮ್ಮ ಬೀದಿಯ ಚೆರ್ರಿ ಮರಗಳು ಯಾರಿಗೋಸ್ಕರ ಎಂದು ಕೇಳದೆ ಹೂ ಬಿಟ್ಟು ಉದುರಿಸಿದವು. ನಮ್ಮ ಮನೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಕೆಲಸದಿಂದ ಬಂದವರು ಗ್ಯಾರೇಜಿನಲ್ಲೇ ಬಟ್ಟೆ ಬದಲಿಸಿ, ಮೇಲಿನ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಕೆಳಗಿಳಿದ ಮೇಲೆ ಬಾಗಿಲು ತೆಗೆಯುತ್ತಿದ್ದರು. ಹೊಸದಾಗಿ ಮಡಿ ಕಲಿತವರ ಮನೆಯಂತೆ ಇತ್ತು ನಮ್ಮದು.

ಒಂದು ಸಂಜೆ ಮೆಟ್ಟಿಲ ಮೇಲಿಂದಲೇ, "ಗೌನ್ ಮುಗೀತಾ ಬಂತು ಕಣೆ. ಪ್ಲಾಸ್ಟಿಕ್ ಏಪ್ರನ್ ಕೊಡ್ತಿದ್ದಾರೆ, ತೋಳೇ ಇಲ್ಲ ಅದಕ್ಕೆ" ಎಂದರು. ದೂರಿನ ದನಿಯಲ್ಲೇನೂ ಅಲ್ಲ, ಅಂಗಡಿಯಲ್ಲಿ ಹಾಲು ಸಿಗಲಿಲ್ಲ ಎನ್ನುವ ದನಿಯಲ್ಲಿ. ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮೂರಲ್ಲಿ ಮಾತ್ರ ಎಂದುಕೊಂಡಿದ್ದೆ. ಅವತ್ತು ಇವರ ಬರಿಯ ಮುಂದೋಳುಗಳನ್ನು ನೋಡುತ್ತ ನನಗೆ ಊಟ ಸೇರಲಿಲ್ಲ. ಹೆದರಿದ್ದೆ, ಬೇರೆ ಮಾತಿಲ್ಲ. ಆ ವಸಂತದಲ್ಲಿ ನಾನು ಮಾಡಿದ್ದೆಲ್ಲದರ ಬುಡದಲ್ಲಿ ಇದ್ದದ್ದು ಆ ಎರಡು ತೋಳು.

ಅದೇ ವಾರ ನಮ್ಮ ಕಡೆಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಗ್ರೀನ್‌ಫರ್ಡ್‌ನಲ್ಲಿ ಹೋಟೆಲುಗಳಿಗೆ ಪರದೆ ಹೊಲಿಯುವ ಒಂದು ಕಾರ್ಖಾನೆಯವರು ಆಸ್ಪತ್ರೆಯ ಗೌನ್ ಹೊಲಿಯಲು ಹಿಡಿದಿದ್ದಾರೆ, ಕೈಗಳು ಬೇಕಾಗಿವೆ ಎಂದು. ನೋಡಿ ನಾನು ಹೆಸರು ಕೊಡುವಷ್ಟರಲ್ಲಿ ಮಹಾದೇವಿ ಆಗಲೇ ಕೊಟ್ಟಾಗಿತ್ತು.

ಮಹಾದೇವಿ ರಬಕವಿಯವಳು, ನೇಕಾರರ ಮನೆಯ ಮಗಳು. ಗಂಡ ಈರಣ್ಣ ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹತ್ತು ವರ್ಷದ ಮಗಳು ಸ್ಫೂರ್ತಿ. ರೇನರ್ಸ್ ಲೇನ್‌ನ ಅವರ ಮನೆಯ ಹಿಂದಿನ ಕೋಣೆಯಲ್ಲಿ ಮಹಾದೇವಿ ಬ್ಲೌಸ್ ಹೊಲಿಯುತ್ತಿದ್ದಳು. ಹ್ಯಾರೋ ಸುತ್ತಿನ ಅರ್ಧ ಕನ್ನಡತಿಯರ ಅಳತೆ ಅವಳಿಗೆ ಬಾಯಿಪಾಠವಾಗಿತ್ತು. ಯಾರು ಯಾವ ವರ್ಷ ದಪ್ಪಗಾದರು ಎಂದು ಗೊತ್ತಿದ್ದರೂ ಒಬ್ಬರದ್ದನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ಅದೊಂದೇ ಗುಣಕ್ಕೆ ಅವಳನ್ನು ಮೆಚ್ಚಬೇಕು. ನನ್ನನ್ನು ಟೀಚರ ಎಂದು ಕರೆಯುತ್ತಿದ್ದಳು. ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳಾದರೂ ನಾನು ಅವಳಿಗೆ ಬಹುವಚನದಲ್ಲೇ ಮಾತನಾಡುತ್ತಿದ್ದೆ, ಮೈಸೂರಿನ ಅಭ್ಯಾಸ.

ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬಸ್ಸು ಹತ್ತುವ ದಿನಗಳೂ ಅವಲ್ಲ. ಹಾಗಾಗಿ ಬೆಳಿಗ್ಗೆ ಏಳೂವರೆಗೆ ರೇನರ್ಸ್ ಲೇನ್‌ನ ತಿರುವಿನಲ್ಲಿ ನಿಂತಿರುತ್ತಿದ್ದಳು, ನಾನು ಕರೆದೊಯ್ಯುತ್ತಿದ್ದೆ. ನಾಲ್ಕೂ ಕಿಟಕಿ ತೆರೆದಿಟ್ಟು, ಅವಳು ಹಿಂದಿನ ಸೀಟಿನ ಎಡಮೂಲೆಯಲ್ಲಿ. ಇಳಕಲ್ ಸೀರೆಯ ಅಂಚು ಕತ್ತರಿಸಿ ಹೊಲಿದ ಮಾಸ್ಕು ಮುಖಕ್ಕೆ.

"ನೋಡ್ರಿ ಟೀಚರ, ಊರಾಗಿದ್ರ ಟಂಟಂ ಗಾಡ್ಯಾಗ ಹದಿನೈದು ಮಂದಿ ಜೋಡಿ ಕುಂದ್ರತಿದ್ದೆ" ಎಂದಿದ್ದಳು ಮೊದಲ ದಿನ. "ಇಲ್ಲಿ ಡಾಕ್ಟರ ಹೆಂಡ್ತಿ ಡ್ರೈವರು, ನಾ ಹಿಂದ ಮಹಾರಾಣಿ."

ಕಾರ್ಖಾನೆ ಇದ್ದದ್ದು ಗೋದಾಮುಗಳ ನಡುವೆ, ಕಾಲುವೆಯ ಪಕ್ಕ. ಎತ್ತರದ ತಗಡಿನ ಸೂರು, ಕೆಳಗೆ ಮೂವತ್ತು ಹೊಲಿಗೆ ಯಂತ್ರ, ನಡುವೆ ನೆಲಕ್ಕೆ ಹಳದಿ ಪಟ್ಟಿ. ಪರದೆಯ ಬಟ್ಟೆಯ ಜಾಗದಲ್ಲಿ ಈಗ ತೆಳು ನೀಲಿ ಬಟ್ಟೆಯ ಸುರುಳಿಗಳು. ಬಟ್ಟೆ ಎನ್ನುವುದಕ್ಕಿಂತ ಕಾಗದ ಎನ್ನಬೇಕು, ಹೊಲಿದರೆ ಚರಚರ ಸದ್ದು. ಮಹಾದೇವಿ ಯಂತ್ರದ ಮುಂದೆ ಕೂತೊಡನೆ ಅದನ್ನು ಬಲಗೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ಶುರು ಮಾಡುತ್ತಿದ್ದಳು. ಎರಡನೆಯ ವಾರಕ್ಕೆ ಅವಳ ಪಕ್ಕದ ಯಂತ್ರದ ಗುಜರಾತಿ ಹೆಂಗಸು ಹಂಸಾಬೆನ್ ಕೂಡ ಹಾಗೆಯೇ ಮಾಡತೊಡಗಿದರು, ಆಮೇಲೆ ಒಬ್ಬ ಪೋಲಿಷ್ ಹುಡುಗಿಯೂ. ನನಗೆ ಹೊಲಿಗೆ ಬರುತ್ತಿರಲಿಲ್ಲ. ಗೌನ್ ಮಡಚಿ ಪೆಟ್ಟಿಗೆಗೆ ತುಂಬುವ ಮೇಜು ನನ್ನದು. ಇವತ್ತು ಮಡಚಿದ್ದರಲ್ಲಿ ಒಂದಾದರೂ ಇವರ ಆಸ್ಪತ್ರೆಗೆ ಹೋಗಲಿ ಎಂದು ಪ್ರತಿ ಪೆಟ್ಟಿಗೆ ಮುಚ್ಚುವಾಗಲೂ ಬೇಡಿಕೊಳ್ಳುತ್ತಿದ್ದೆ.

ಮ್ಯಾನೇಜರು ಕೆವಿನ್, ದೊಡ್ಡ ಮೈಯ, ಮೆತ್ತನೆ ಮಾತಿನ ಮನುಷ್ಯ. ಅವನ ಅಜ್ಜಿ ಯುದ್ಧಕಾಲದಲ್ಲಿ ಅದೇ ಗ್ರೀನ್‌ಫರ್ಡ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಳಂತೆ. ನಾನು ಡ್ರಾಯಿಂಗ್ ಟೀಚರು ಎಂದು ಮಹಾದೇವಿ ಅವನಿಗೆ ಹೇಳಿದ್ದೇ ತಡ, ಮಾರನೆಯ ದಿನ ಮನೆಯಿಂದ ಒಂದು ದಪ್ಪ ಪುಸ್ತಕ ತಂದ. ತುಂಬ ಯುದ್ಧಕಾಲದ ಪೋಸ್ಟರುಗಳು. ಅಜ್ಜಿ ದಿನವೂ ಇಂಥದ್ದೊಂದರ ಕೆಳಗೆ ಕೂತು ಕೆಲಸ ಮಾಡುತ್ತಿದ್ದಳು, ಅದನ್ನು ನೋಡಿದರೆ ಬೆನ್ನು ನೆಟ್ಟಗಾಗುತ್ತಿತ್ತು ಎನ್ನುತ್ತಿದ್ದಳು, ನಮ್ಮ ಗೋಡೆಗೂ ಒಂದು ಬರೆದುಕೊಡುತ್ತೀಯಾ ಎಂದ.

ನನಗೆ ಖುಷಿಯಾಯಿತು. ನನ್ನ ಕೈಗೆ ಬರುವ ಕೆಲಸವೊಂದು ಕೊನೆಗೂ ಸಿಕ್ಕಿತ್ತು. ಮೈಸೂರಿನ ನಮ್ಮ ಶಾಲೆಯ ಗೋಡೆಗಳ ತುಂಬ ಕೈ ಕೆಸರಾದರೆ ಬಾಯಿ ಮೊಸರು ಎಂಬಂಥ ಮಾತುಗಳಿದ್ದವು. ಅವನ್ನು ಪ್ರತಿ ಬೇಸಿಗೆಯಲ್ಲಿ ಮತ್ತೆ ತಿದ್ದಿ ಬರೆಯುವುದು ಡ್ರಾಯಿಂಗ್ ಚೆನ್ನಾಗಿದ್ದ ಮಕ್ಕಳ ಪಾಲಿನ ಗೌರವ. ನಾನು ಆ ಮಕ್ಕಳಲ್ಲಿ ಒಬ್ಬಳು. ಗೋಡೆಯ ಮೇಲಿನ ಮಾತು ಒಳ್ಳೆಯದನ್ನೇ ಮಾಡುತ್ತದೆ ಎಂದು ನಂಬಿ ಬೆಳೆದವಳು.

ಕೆವಿನ್‌ನ ಪುಸ್ತಕದಲ್ಲಿದ್ದ ಹೆಂಗಸರೆಲ್ಲ ಒಂದೇ ಅಚ್ಚಿನವರು, ಕೆಂಪು ತುಟಿ, ಗುಂಗುರು ಕೂದಲು. ನಮ್ಮಲ್ಲಿ ಕೂತಿದ್ದವರು ಯಾರೂ ಹಾಗಿರಲಿಲ್ಲ. ಅದಕ್ಕೆ ನಾನು ಮಹಾದೇವಿಯ ಮುಖವನ್ನೇ ಹಾಕುತ್ತೇನೆಂದೆ. ಊಟದ ಬಿಡುವಿನಲ್ಲಿ ಕಾಲುವೆಯ ಪಕ್ಕ ಬಿಸಿಲಲ್ಲಿ ನಿಲ್ಲಿಸಿದೆ. ಕೂದಲಿಗೆ ಬಲೆಯ ಟೋಪಿ, ಮೇಲೆತ್ತಿದ ತೋಳು, ಕೈಯಲ್ಲಿ ಅರ್ಧ ಹೊಲಿದ ಗೌನು, ಹಣೆಯಲ್ಲಿ ಕುಂಕುಮ.

"ಮೂಗು ಒಂಚೂರು ಸಣ್ಣದ ಮಾಡ್ರಿ ಟೀಚರ" ಎಂದಳು. "ಹೆಂಗೂ ಮಾಸ್ಕ್ ಹಾಕ್ತೀನಿ, ಖರೇ ಮೂಗು ಯಾರಿಗೂ ಗೊತ್ತಾಗೂದಿಲ್ಲ."

ಮಾಡಲಿಲ್ಲ. ಅವಳ ಮೂಗು ದೊಡ್ಡದೇ ಆಗಿತ್ತು, ಚೆಂದವೂ ಆಗಿತ್ತು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ, ನೀನು ಹೊಲಿಯುವ ಗೌನಿಗಾಗಿ ಒಬ್ಬರು ಕಾದಿದ್ದಾರೆ ಎಂಬರ್ಥದ ಒಂದು ಸಾಲು ಬರೆದೆ. ಬಾಗಿಲಿಗೆದುರಾಗಿ ಅಂಟಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಾದೇವಿ ಫೋಟೋ ತೆಗೆದು ರಬಕವಿಗೆ ಕಳಿಸಿದಳು. ಮರುದಿನ ಕಾರಿನಲ್ಲಿ ಕೂತವಳು ಬಾಯಿ ಮುಚ್ಚಲಿಲ್ಲ. "ನಮ್ಮ ಅಪ್ಪ ಓಣಿಗೆಲ್ಲ ತೋರಿಸ್ಯಾನಂತ್ರಿ. ಮಗ್ಗದ ಮನ್ಯಾಗ ಹುಟ್ಟಿದಾಕಿ ಫೋಟೋ ಲಂಡನ್ ಫ್ಯಾಕ್ಟರ್ಯಾಗ ಹಚ್ಯಾರ ಅಂತ. ನಮ್ಮ ಮನ್ಯಾಗ ಗಂಡಸರ ಫೋಟೋನs ಗ್ವಾಡಿಗೆ ಹಾಕೂದು, ಅದೂ ಸತ್ತ ಮ್ಯಾಲ." ಹೇಳಿ ತಾನೇ ನಕ್ಕಳು, ನಾನೂ ನಕ್ಕೆ.

ಏಪ್ರಿಲ್ ನಡುವಿಗೆ ಬಂದಾಗ ಯಂತ್ರಗಳು ಖಾಲಿಯಾಗತೊಡಗಿದವು. ಒಬ್ಬಳ ಭಾವ ತೀರಿಹೋಗಿದ್ದ, ಇನ್ನೊಬ್ಬಳ ನೆರೆಯವಳು. ಭಯವಾಗಿ ಜನ ಮನೆಯಲ್ಲಿ ಉಳಿದರು. ಕೆವಿನ್ ಆ ಪುಸ್ತಕದ ಇನ್ನೊಂದು ಪುಟ ತೆರೆದು ತಂದ. ಗೈರುಹಾಜರಾಗುವವರಿಗೆ ನಾಚಿಕೆ ತರಿಸಲೆಂದೇ ಮಾಡಿದ ಪೋಸ್ಟರುಗಳು ಅವು. ಅವನಿಗೂ ಸಂಕೋಚವಿತ್ತು, ಬಲವಂತ ಮಾಡುವುದು ನನಗಿಷ್ಟವಿಲ್ಲ, ಆದರೆ ಆಸ್ಪತ್ರೆಯವರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಾರೆ ಎಂದ. ನಾನು ಎರಡು ಮಾತಾಡಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಮುಂದೆ ಹೊಲಿಗೆ ಯಂತ್ರ, ಅದರೆದುರು ಖಾಲಿ ಕುರ್ಚಿ. ಕುರ್ಚಿಯ ಹಿಂದೆ ದೂರದಲ್ಲಿ ಒಬ್ಬ ಡಾಕ್ಟರು, ಬರಿಯ ತೋಳುಗಳನ್ನು ಮುಂದಕ್ಕೆ ಚಾಚಿ ನಿಂತಿದ್ದಾನೆ. ಈ ಕುರ್ಚಿಯಲ್ಲಿ ನೀನಿಲ್ಲ ಎಂದಷ್ಟೇ ಕೆಳಗೆ ಬರೆದೆ.

ಅಂಟಿಸುವಾಗ ಮಹಾದೇವಿ ಹತ್ತಿರ ಬಂದು ನೋಡಿದಳು. "ಇದು ಡಾಕ್ಟರ್ ಸಾಹೇಬ್ರ ಚಷ್ಮಾ ಅಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನನಗೆ ಗೊತ್ತಿಲ್ಲದೆಯೇ ಇವರ ಕನ್ನಡಕವನ್ನು ಬರೆದುಬಿಟ್ಟಿದ್ದೆ. ಅವಳು ಹೋಗಿ ಕೂತು ಹೊಲಿಯತೊಡಗಿದಳು.

ಪೋಸ್ಟರು ಕೆಲಸ ಮಾಡಿತು. ಅದರ ಫೋಟೋ ಎಲ್ಲರ ಫೋನಿಗೂ ಹೋಗಿ, ಮೂರು ದಿನದಲ್ಲಿ ಹೆಚ್ಚಿನವರು ಮರಳಿದರು. ಹಂಸಾಬೆನ್ ಕೂಡ ಬಂದರು, ಯಾರ ಮುಖವನ್ನೂ ನೋಡದೆ ನೇರ ಹೋಗಿ ತಮ್ಮ ಜಾಗದಲ್ಲಿ ಕೂತರು. ನನಗೆ ಹೆಮ್ಮೆಯಾಯಿತು. ನಾಲ್ಕನೆಯ ದಿನ ಹಂಸಾಬೆನ್ ಕೆಮ್ಮತೊಡಗಿದರು. ಮಧ್ಯಾಹ್ನ ಕೆವಿನ್ ಅವರನ್ನು ಮನೆಗೆ ಕಳಿಸಿ, ಯಂತ್ರವನ್ನು ಸ್ಪಿರಿಟಿನಲ್ಲಿ ಒರೆಸಿಸಿದ. ಅವರು ಮುಂದೆ ಹುಷಾರಾದರು.

ಅವತ್ತು ಸಂಜೆಯೂ ಮಹಾದೇವಿಯನ್ನು ಕರೆದುಕೊಂಡು ವಾಪಸು ಬಂದೆ. ಅವಳ ಮನೆಯ ತಿರುವು ಬಂದಾಗ ಇಳಿಯದೆ ಹೇಳಿದಳು.

"ಟೀಚರ, ನಾಳಿಂದ ನಾ ಬರೂದು ಬ್ಯಾಡ ಅನಸ್ತೈತ್ರಿ. ಹಂಸಾಬೆನ್ ನನ್ನ ಬಾಜೂನs ಕುಂದ್ರತಿದ್ರು. ಸ್ಫೂರ್ತಿ ದಿನಾ ಅಳ್ತಾಳ. ಇವ್ರೂ ಬ್ಯಾಡ ಅನ್ನಾಕತ್ಯಾರ. ಮನ್ಯಾಗ ಯಂತ್ರ ಐತಿ, ಕೆವಿನ್ ಬಟ್ಟಿ ಕಳಿಸಿದ್ರ ಮನ್ಯಾಗs ಹೊಲದ ಕೊಡ್ತೀನಿ."

ಮನೆಯಲ್ಲಿ ಹೊಲಿದದ್ದನ್ನು ಆಸ್ಪತ್ರೆಯವರು ತೆಗೆದುಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳಷ್ಟು ವೇಗವಾಗಿ ಗೌನಿಗೆ ತೋಳು ಕೂರಿಸುವವರು ಇನ್ನೊಬ್ಬರಿರಲಿಲ್ಲ. ಹಿಂದಿನ ದಿನವಷ್ಟೇ ನಮ್ಮ ಮನೆಯವರು ಎರಡು ದಿನದ ಗೌನು ಉಳಿದಿದೆ ಎಂದಿದ್ದರು. ನಾನು ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕೆ.

"ನೀವು ಆರಾಮಾಗಿ ಮನೇಲಿರಿ ಮಹಾದೇವಿ" ಎಂದೆ. "ಗೋಡೆ ಮೇಲಿರೋ ಮಹಾದೇವೀನ ಏನ್ ಮಾಡ್ಲಿ ಹೇಳಿ. ಅವಳಿಗೂ ರಜಾಚೀಟಿ ಬರೆದು ಅಂಟಿಸ್ಲಾ?"

ಅವಳೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಇಳಿದು ಹೋದಳು. ತಮಾಷೆಗೆ ಅಂದದ್ದು ಎಂದು ಅವತ್ತೂ ಹೇಳಿಕೊಂಡೆ, ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ತಮಾಷೆಯಾಗಿರಲಿಲ್ಲ. ಅವಳು ಬರಬೇಕಿತ್ತು ನನಗೆ. ಹಾಗೆಂದು ನೇರವಾಗಿ ಕೇಳಿದ್ದರೆ ಅವಳು ಆಗುವುದಿಲ್ಲ ಎನ್ನಬಹುದಿತ್ತು, ನಗುತ್ತ ಅಂದದ್ದಕ್ಕೆ ಉತ್ತರ ಕೊಡಲು ದಾರಿಯಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋಧಿಸಿದವಳು ನಾನು.

ಮರುದಿನ ಬೆಳಿಗ್ಗೆ ಏಳೂವರೆಗೆ ರೇನರ್ಸ್ ಲೇನ್‌ನ ತಿರುವಿಗೆ ಬಂದಾಗ ಅವಳು ಇರುತ್ತಾಳೋ ಇಲ್ಲವೋ ಎಂದು ದೂರದಿಂದಲೇ ಹುಡುಕಿದೆ. ಇದ್ದಳು. ಕೈಯಲ್ಲಿ ರೊಟ್ಟಿಯ ಡಬ್ಬಿ, ಮುಖಕ್ಕೆ ಹೊಸ ಮಾಸ್ಕು. ಕಾರು ಹತ್ತಿದವಳು ಸ್ವಲ್ಪ ಹೊತ್ತಾದ ಮೇಲೆ, "ಗ್ವಾಡಿ ಮ್ಯಾಲಿನಾಕಿ ಅಲ್ಲಿ ನಿಂತಾಳ, ನಾ ಮನ್ಯಾಗ ಕುಂತ್ರ ಅಕಿ ಮಾರಿ ಹೆಂಗ ನೋಡ್ಲಿ. ಯಾರೂ ಹೇಳಿಲ್ಲ, ನಾನs ಹೊಂಟೀನಿ ಅಂತ ಇವ್ರಿಗೆ ಹೇಳಿ ಬಂದೆ" ಎಂದಳು. ನನಗೆ ಸಂತೋಷವಾಯಿತು. ಆ ಬೆಳಿಗ್ಗೆ ನನಗಾದ ಸಂತೋಷವನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಇನ್ನೂ ಎಂಟು ದಿನ ಬಂದಳು. ಒಂಬತ್ತನೆಯ ದಿನ ಜ್ವರ ಎಂದು ಈರಣ್ಣ ಫೋನ್ ಮಾಡಿದರು. ಜ್ವರ ಬಂದ ಆರನೆಯ ದಿನ ಆಂಬುಲೆನ್ಸು ಬಂತು. ನಮ್ಮ ಮನೆಯವರು ಬೇರೆ ಆಸ್ಪತ್ರೆಯವರಾದರೂ ಅಲ್ಲಿನ ಪರಿಚಯದವರಿಗೆ ದಿನವೂ ಫೋನ್ ಮಾಡಿ ವಿಚಾರಿಸುತ್ತಿದ್ದರು. ಮೆಟ್ಟಿಲ ಮೇಲಿನಿಂದ ಅವರು ಹೇಳುವ ಮಾತು ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಬಂತು. ನಾನು ಮಾತ್ರ ಕೆಲಸಕ್ಕೆ ಹೋಗುತ್ತಲೇ ಇದ್ದೆ, ನನಗೆ ಒಂದು ನೆಗಡಿಯೂ ಬರಲಿಲ್ಲ. ಏಳೂವರೆಗೆ ಆ ತಿರುವನ್ನು ದಾಟಬಾರದೆಂದು ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದೆ. ಮೇ ತಿಂಗಳಲ್ಲಿ ಒಂದು ಗುರುವಾರ ಅವಳು ಹೋದಳು. ಅವತ್ತು ಸಂಜೆ ಎಂಟಕ್ಕೆ ಎಂದಿನಂತೆ ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿದರು. ಎದುರು ಮನೆಯವರು ನನ್ನನ್ನು ನೋಡಿ, ಡಾಕ್ಟರ ಹೆಂಡತಿಯೆಂದು, ಇನ್ನಷ್ಟು ಜೋರಾಗಿ ತಟ್ಟಿದರು. ನಾನು ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಕಾರ್ಖಾನೆಯಲ್ಲಿ ಅವಳ ಚಿತ್ರದ ಕೆಳಗೆ ಯಾರೋ ಹೂ ತಂದಿಟ್ಟಿದ್ದರು. ಇದನ್ನು ತೆಗೆಯಲೇ ಬೇಡವೇ ಎಂದು ಕೆವಿನ್ ನನ್ನನ್ನು ಕೇಳಿದ. ಅವನ ಕಣ್ಣು ಊದಿಕೊಂಡಿತ್ತು. ನಾನು ಆ ಇನ್ನೊಂದು ಪೋಸ್ಟರನ್ನು, ಖಾಲಿ ಕುರ್ಚಿಯದನ್ನು, ಕಿತ್ತು ಹರಿದು ಚೀಲಕ್ಕೆ ತುಂಬಿದೆ. ಮುಂದಿನ ವಾರದಿಂದ ನಾನು ಹೋಗಲಿಲ್ಲ.

ಕಂಪ್ಯೂಟರಿನಲ್ಲಿ ಕನ್ನಡದವರೆಲ್ಲ ಸೇರಿ ಒಂದು ಸಂತಾಪ ಸಭೆ ಮಾಡಿದರು. ಚಿಕ್ಕ ಚಿಕ್ಕ ಚೌಕಗಳಲ್ಲಿ ಅರವತ್ತು ಮುಖ. ಈರಣ್ಣ ಹೆಚ್ಚು ಮಾತನಾಡುವವರಲ್ಲ. ಅವತ್ತು ಎದ್ದು ನಿಂತು ಮಾತನಾಡಿದರು. "ನಾ ಬ್ಯಾಡ ಅಂದೆ, ಮಗಳು ಬ್ಯಾಡ ಅಂತ ಅತ್ಲು. ಯಾರು ಹೇಳಿದ್ರೂ ಕೇಳಲಿಲ್ಲ. ನಾನs ಹೊಂಟೀನಿ ಅಂತ ಹೇಳಿ ಹೋದ್ಲು. ಅಷ್ಟು ಗಟ್ಟಿ ಹೆಣ್ಣಮಗಳು ನನ್ನ ಹೆಂಡತಿ." ಅಷ್ಟು ಹೇಳಿ ಕೂತರು. ನನ್ನ ಮೈಕು ಮುಚ್ಚಿತ್ತು. ತೆರೆಯಲಿಲ್ಲ.

ಇವರ ಹತ್ತಿರ ಒಮ್ಮೆ ಎಲ್ಲ ಹೇಳಿದೆ. "ಎಲ್ಲಿಂದ ಬಂತು ಅಂತ ಯಾರೂ ಹೇಳಕ್ಕಾಗಲ್ಲ. ಹಾಲು ತರಕ್ಕೆ ಹೋದಾಗ್ಲೂ ಬಂದಿರಬಹುದು" ಎಂದರು. ಡಾಕ್ಟರ ಮಾತು, ಸುಳ್ಳಲ್ಲ. ಆದರೆ ಅವತ್ತು ಸಂಜೆ ಕಾರಿನಲ್ಲಿ ನಾಳೆಯಿಂದ ಬರುವುದಿಲ್ಲ ಎಂದವಳು ಮರುದಿನ ತಿರುವಿನಲ್ಲಿ ನಿಂತದ್ದು ನನ್ನ ಮಾತಿಗೆ. ಇವರಿಗೆ ಏನೂ ಆಗಲಿಲ್ಲ, ಈಗಲೂ ನನ್ನ ಎದುರಿಗೇ ಕೂತು ಪೇಪರು ಓದುತ್ತಿದ್ದಾರೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಐದು ವರ್ಷ ಯುಗಾದಿಗೋ ರಾಜ್ಯೋತ್ಸವಕ್ಕೋ ಈರಣ್ಣನವರನ್ನು ಕಂಡಾಗ ದೂರದಿಂದ ನಮಸ್ಕಾರ ಮಾಡಿ ತಪ್ಪಿಸಿಕೊಂಡಿದ್ದೆ. ಗ್ರಂಥಾಲಯದ ಆ ಪೋಸ್ಟರುಗಳನ್ನು ನೋಡಿ ಬಂದ ಮೇಲೆ ತಡೆಯಲಾಗಲಿಲ್ಲ. ಆ ಶನಿವಾರ ಫೋನ್ ಮಾಡಿ ಅವರ ಮನೆಗೆ ಹೋದೆ.

ನಡುಮನೆಯಲ್ಲಿ ಊಟದ ಮೇಜಿನ ಮೇಲುಗಡೆ, ಕಟ್ಟು ಹಾಕಿದ ಗಾಜಿನೊಳಗೆ, ಮಹಾದೇವಿ ನಿಂತಿದ್ದಳು. ಕಾರ್ಖಾನೆಯವರು ಮತ್ತೆ ಪರದೆ ಹೊಲಿಯತೊಡಗಿದಾಗ ಕೆವಿನ್ ತಾನೇ ತಂದುಕೊಟ್ಟನಂತೆ. ಈರಣ್ಣ ಚಹಾ ಮಾಡಿ ತಂದರು. ಕಪ್ಪು ಮುಟ್ಟುವ ಮೊದಲೇ ನಾನು ಹೇಳತೊಡಗಿದೆ. ಖಾಲಿ ಕುರ್ಚಿಯ ಪೋಸ್ಟರು, ಅದರ ಹಿಂದಿನ ಕನ್ನಡಕ, ಹಂಸಾಬೆನ್, ಅವಳು ಬರುವುದಿಲ್ಲ ಎಂದದ್ದು, ನಾನು ಕನ್ನಡಿಯಲ್ಲಿ ನೋಡಿ ನಕ್ಕು ಅಂದದ್ದು. ಒಂದನ್ನೂ ಬಿಡಲಿಲ್ಲ. ಅವರು ತಡೆಯದೆ ಕೇಳಿದರು.

"ಐದು ವರ್ಷ ಆತ್ರಿ" ಎಂದರು. "ಇಷ್ಟ ದಿನ ಅಕಿ ತಾನs ಹೋಗಿದ್ಲು. ಇವತ್ತ ನೀವು ಬಂದು ಅಕಿನ್ನ ಕಳಿಸಿದ್ರಿ."

ನಾನು ತಲೆ ತಗ್ಗಿಸಿದೆ.

"ಬಯ್ಯೂದಿಲ್ಲ ನಾ. ನಿಮ್ಮ ಯಜಮಾನ್ರು ಅಲ್ಲಿ ಬರಿಗೈಲೆ ನಿಂತಿದ್ರು, ನನಗ ತಿಳಿತೈತಿ. ಆದ್ರ ಅಕಿ ಒಂದs ಒಂದು ಸಲ ನನ್ನ ಮಾತು ಮೀರಿ ತನ್ನ ಮನಸಿಗೆ ಬಂದಂಗ ಹೋದ್ಲು ಅಂತ ತಿಳಕೊಂಡಿದ್ದೆ. ಅದರ ಮ್ಯಾಲs ದಿನಾ ಕಳದೀನ್ರಿ." ನನ್ನ ಕಪ್ಪನ್ನು ಹತ್ತಿರಕ್ಕೆ ಸರಿಸಿ, "ಇದನ್ನ ಹೇಳಿ ನಿಮಗ ಹಗುರಾತೇನು?" ಎಂದು ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ.

"ಇಲ್ಲ" ಎಂದೆ.

"ಹಂಗಾರ ಇಬ್ಬರಿಗೂ ಲುಕ್ಸಾನs ಆತು. ಸ್ಫೂರ್ತಿಗೆ ಮಾತ್ರ ಹೇಳಬ್ಯಾಡ್ರಿ. ಅವ್ವ ತಾನs ಹೋದ್ಲು ಅನ್ನೂದರ ಮ್ಯಾಲ ನಿಂತಾಳ ಅಕಿ."

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಹೇಳಿಬಿಟ್ಟರೆ ಸರಿಯಾದೀತು ಎಂದು ಬಂದಿದ್ದೆ. ಸರಿಯಾಗುವುದು ಯಾರಿಗೆ ಎಂದು ಯೋಚಿಸಿರಲಿಲ್ಲ. ಹಿಂದೊಮ್ಮೆ ನನ್ನ ಭಯಕ್ಕೆ ಅವಳನ್ನು ಬಳಸಿದ್ದೆ, ಈಗ ನನ್ನ ನೆಮ್ಮದಿಗೆ ಈ ಮನುಷ್ಯನನ್ನು.

ಅಷ್ಟರಲ್ಲಿ ಬಾಗಿಲು ತೆರೆದು ಸ್ಫೂರ್ತಿ ಬಂದಳು. ಹದಿನಾರರ ಹುಡುಗಿ, ಎತ್ತರ, ತಾಯಿಯದೇ ಮೂಗು. ನನ್ನನ್ನು ನೋಡಿ ಗುರುತು ಹಿಡಿದು, ಬೆನ್ನಿನ ಚೀಲವನ್ನು ಇಳಿಸದೆಯೇ ಎದುರಿಗೆ ಕೂತಳು. ಅವಳು ಮಾತನಾಡಿದ್ದೆಲ್ಲ ಇಂಗ್ಲಿಷಿನಲ್ಲಿ.

ನೀವೇ ಅಲ್ಲವಾ ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವರು, ಎಂದಳು. ಹೌದೆಂದೆ. ನಿಮ್ಮನ್ನು ಒಂದು ಕೇಳಬೇಕು ಎಂದು ಯಾವಾಗಿನಿಂದಲೋ ಅಂದುಕೊಂಡಿದ್ದೆ, ಎಂದಳು. ತಂದೆಯ ಕಡೆ ಒಮ್ಮೆ ನೋಡಿದಳು. ಕೊನೆಕೊನೆಗೆ ಅಮ್ಮನಿಗೆ ಅಲ್ಲಿಗೆ ಬರಲು ನಿಜವಾಗಿಯೂ ಮನಸ್ಸಿತ್ತಾ, ಇಲ್ಲ ಯಾರಾದರೂ ಬರಲೇಬೇಕು ಎಂದಿದ್ದರಾ?

ಈರಣ್ಣ ಖಾಲಿ ಕಪ್ಪುಗಳನ್ನು ಜೋಡಿಸುತ್ತಿದ್ದವರು ಹಾಗೆಯೇ ಕೈಯಲ್ಲಿ ಹಿಡಿದು ನಿಂತರು. ನನ್ನ ಕಡೆ ನೋಡಲಿಲ್ಲ.

"ಯಾರೂ ಅಂದಿರ್ಲಿಲ್ಲ ಪುಟ್ಟಿ" ಎಂದೆ ಕನ್ನಡದಲ್ಲಿ. "ನಿಮ್ಮಮ್ಮ ತಾವೇ ಬಂದ್ರು."

"ಐ ನ್ಯೂ ಇಟ್" ಎಂದಳು. ಮುಖ ಅರಳಿತು. ನನಗೊಂದು ಥ್ಯಾಂಕ್ಸ್ ಹೇಳಿ, ಎರಡೆರಡು ಮೆಟ್ಟಿಲು ಹಾರುತ್ತ ತನ್ನ ಕೋಣೆಗೆ ಹೋದಳು.

ಈರಣ್ಣ ಬಾಗಿಲವರೆಗೆ ಬಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತ, ಇದನ್ನು ಎಲ್ಲಾದರೂ ಬರೆದಿಡಲೇ, ಹೆಸರುಗಳನ್ನು ಬದಲಿಸುತ್ತೇನೆ ಎಂದು ಕೇಳಿದೆ. ಬೇಡವೆಂದರೆ ಬರೆಯುತ್ತಿರಲಿಲ್ಲ. ಅವರು ಮೇಲಿನ ಕೋಣೆಯ ಕಡೆ ಕಿವಿಗೊಟ್ಟರು.

"ಬರೀರಿ" ಎಂದರು. "ಆದ್ರ ಕನ್ನಡದಾಗs ಬರೀರಿ."

ಯಾಕೆಂದು ನಾನು ಕೇಳಲಿಲ್ಲ. ಸ್ಫೂರ್ತಿಗೆ ಕನ್ನಡ ಕೇಳಿದರೆ ಎಲ್ಲ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.